ಕೊರಿಯಾದಲ್ಲಿ ಮಕ್ಕಳ ಓದು: ಸ್ಕೂಲಿಗಲ್ಲ, ಟ್ಯೂಷನ್ನಿಗೆ ಹೆದರಿ

ಸರ್, ಮಾರ್ಚ್‌ಗೆ ಸುವೊನ್‌ಗೆ ಬರ್ತಿದ್ದೀವಿ, ಮಗಳು ಮೂರನೇ ಕ್ಲಾಸು, ಅಲ್ಲಿ ಚೀನಾದ ಹಳೇ ಗುರು ಕನ್ಫ್ಯೂಷಿಯಸ್ ಕಾಲದಿಂದ ಓದಿನ ಹುಚ್ಚಂತೆ, ಮಗು ತಡ್ಕೊಳ್ಳುತ್ತಾ ಅಂತ ಕೇಳಿದ್ರಲ್ಲ. ನಾನಿಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ, ಇಬ್ರು ಮಕ್ಳೂ ಇಲ್ಲಿನ ಸರ್ಕಾರಿ ಸ್ಕೂಲೇ, ಕಂಡಿದ್ದು ಹೇಳ್ತೀನಿ.

ಹುಚ್ಚು ನಿಜ. ಜೇಬಲ್ಲಿರೋ ನೋಟು ನೋಡಿದ್ರೇ ಗೊತ್ತಾಗುತ್ತೆ, ಸಾವಿರ ವೊನ್ ಮೇಲೆ ತ್ವೆಗ್ಯೆ, ಐದು ಸಾವಿರದ ಮೇಲೆ ಯುಲ್ಗೊಕ್, ಇಬ್ರೂ ಕನ್ಫ್ಯೂಷಿಯಸ್ ಪಂಡಿತರು, ಐವತ್ತು ಸಾವಿರದ ಮೇಲೆ ಯುಲ್ಗೊಕ್ ಅವರ ತಾಯಿ! 958ರಲ್ಲಿ ರಾಜ ಶುರು ಮಾಡಿದ ಗ್ವಾಗೊ ಪರೀಕ್ಷೆ 1894ರ ತನಕ ನಡೀತು, ಅದು ಪಾಸಾದ್ರೆ ದರ್ಬಾರಲ್ಲಿ ಅಧಿಕಾರಿ, ಮನೆತನಕ್ಕೇ ಮರ್ಯಾದೆ. ಈಗ ಆ ಜಾಗದಲ್ಲಿ ಸುನುಂಗ್ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆ ಕೂತಿದೆ, ನಮ್ಮ ಪಿಯುಸಿ ಸಿಇಟಿ ಎರಡೂ ಸೇರಿಸಿ ಒಂದೇ ದಿನ ಬರೆದಂಗೆ. ನವೆಂಬರಲ್ಲಿ ಆ ದಿನ ಆಫೀಸು ಲೇಟಾಗಿ ತೆಗೀತಾರೆ, ಇಂಗ್ಲಿಷ್ ಕೇಳಿಸ್ಕೊಂಡು ಬರೆಯೋ 35 ನಿಮಿಷ ಇಡೀ ದೇಶದಲ್ಲಿ ವಿಮಾನ ಏರೋ ಹಂಗಿಲ್ಲ ಇಳಿಯೋ ಹಂಗಿಲ್ಲ, ಲೇಟಾದ ಹುಡುಗರನ್ನ ಪೊಲೀಸ್ನೋರೇ ಸೆಂಟರಿಗೆ ಬಿಡ್ತಾರೆ.

ನನ್ನ ಪೆದ್ದತನ ಒಂದು ಕೇಳಿ. ಬಂದ ಹೊಸದ್ರಲ್ಲಿ ಪಕ್ಕದ್ಮನೆ ಹುಡುಗಿಗೆ ನಾಳೆ ಸುನುಂಗ್ ಅಂತ ಗೊತ್ತಾಗಿ, ಹುಟ್ಟಿದಬ್ಬಕ್ಕೆ ಇವರು ಕುಡಿಯೋ ಸಮುದ್ರಪಾಚಿ ಸಾರು ಶುಭ ಇರ್ಬೇಕು ಅನ್ಕೊಂಡು ಮಾಡಿ ತಗೊಂಡೋದೆ. ಪಾತ್ರೆ ಮುಚ್ಚಳ ತೆಗೆದ ಆಕೆಯ ಮುಖ ಬಿಳಿಚ್ಕೊಂಡ್ತು, ಪಾಚಿ ಜಾರುತ್ತಲ್ಲ, ತಿಂದ್ರೆ ಪರೀಕ್ಷೆನೂ ಜಾರುತ್ತಂತೆ. ಕೊಡ್ಬೇಕಾಗಿದ್ದು ಅಂಟುಮಿಠಾಯಿ, ಸೀಟು ಅಂಟ್ಕೊಳ್ಲಿ ಅಂತ. ಪುಣ್ಯ, ಹುಡುಗಿ ಪಾಸಾದ್ಲು, ಇಲ್ಲಾಂದ್ರೆ ನಾನು ಮನೆ ಬದಲಾಯಿಸ್ಬೇಕಿತ್ತು.

ಆದ್ರೆ ಸ್ಕೂಲಿಗೆ ಹೆದರ್ಬೇಡಿ. ಪ್ರೈಮರಿಲಿ ರ್‍ಯಾಂಕು ಗೀಂಕು ಇಲ್ಲ, ಊಟ ಫ್ರೀ (ಸಸ್ಯಾಹಾರಿಗಳಾದ್ರೆ ಡಬ್ಬಿ ಬಗ್ಗೆ ಟೀಚರ್ ಹತ್ರ ಮೊದ್ಲೇ ಮಾತಾಡ್ಕೊಳಿ), ಎರಡೂ ಕೈಯಲ್ಲಿ ಕೊಡೋದು, ತಲೆಬಾಗಿಸಿ ನಮಸ್ಕಾರ ಹೇಳೋದು ಎಲ್ಲ ಮಕ್ಳು ತಾವೇ ಕಲಿತ್ಕೊಳ್ತಾವೆ. ಹಿಂಡೋದು ಹಾಗ್‌ವೊನ್, ಅಂದ್ರೆ ಟ್ಯೂಷನ್ ಸೆಂಟರು. ಸಿಯೋಲ್‌ನಲ್ಲಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕ್ಬೇಕು ಅಂತ ರೂಲ್ಸೇ ಮಾಡಿದಾರೆ ಅಂದ್ರೆ ಲೆಕ್ಕ ಹಾಕಿ. ಆ ಹೊತ್ತಿಗೆ ನಮ್ಮ ಲಿಫ್ಟಲ್ಲೂ ಮಿಡ್ಲ್ ಸ್ಕೂಲ್ ಹುಡುಗ ಒಬ್ಬ ಸಿಗ್ತಾನೆ, ಕೈಯಲ್ಲಿ ಅರ್ಧ ತಿಂದ ಕಿಂಬಾಪ್ (ಅನ್ನದ ಸುರುಳಿ), ನಿಂತಲ್ಲೇ ತೂಕಡಿಸ್ತಾ ಇದ್ರೂ ನನ್ನ ನೋಡಿದ್ ತಕ್ಷಣ ಬಗ್ಗಿ ನಮಸ್ಕಾರ ಮಾಡ್ತಾನೆ, ನಂಗೆ ಹೊಟ್ಟೆ ಚುರ್ ಅನ್ನುತ್ತೆ. ಕನ್ಫ್ಯೂಷಿಯಸ್ಸೇ ಹೇಳಿದ್ದು, ಹಿಂದಿನೋರು ತಮಗೋಸ್ಕರ ಕಲೀತಿದ್ರು, ಈಗಿನೋರು ಇನ್ನೊಬ್ರಿಗೆ ತೋರಿಸೋಕೆ ಕಲೀತಾರೆ ಅಂತ, ಎರಡೂವರೆ ಸಾವಿರ ವರ್ಷದ ಹಿಂದೆ! ಆ ಕನ್ಫ್ಯೂಷಿಯಸ್ ಅಜ್ಜನ ಹೆಸ್ರಲ್ಲಿ ಹಾಗ್‌ವೊನ್ ನಡೆಸೋರು ಆ ಸಾಲು ಗೋಡೆಗೆ ಹಾಕಿದ್ದು ನಾನಂತೂ ಕಾಣೆ.

ಎರಡ್ಮೂರು ವರ್ಷಕ್ಕೆ ಬರ್ತಿದ್ರೆ ಕಣ್ಮುಚ್ಕೊಂಡು ಲೋಕಲ್ ಸ್ಕೂಲಿಗೆ ಹಾಕಿ. ಇಲ್ಲೇ ನೆಲೆ ನಿಲ್ಲೋದಾದ್ರೆ ಐದನೇ ಕ್ಲಾಸಿಗೆ ಮುಂಚೆ ಗಂಡ ಹೆಂಡ್ತಿ ಕೂತು ಈ ಟ್ಯೂಷನ್ ಓಟಕ್ಕೆ ಇಳೀಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ಕೊಳಿ, ಆಮೇಲೆ ಪಕ್ಕದ್ಮನೆ ನೋಡಿ ನೀವೂ ಓಡೋಕೆ ಶುರು ಮಾಡ್ತೀರ, ನಾನೂ ಓಡಿದೀನಿ. ಸದ್ಯಕ್ಕೆ ಹಂಗುಲ್, ಅಂದ್ರೆ ಕೊರಿಯನ್ ಲಿಪಿ ಕಲಿಸಿ, ಮೂಲ ಅಕ್ಷರ 24 ಅಷ್ಟೇ, ಕಾಗುಣಿತ ಬರೋ ಮಗುಗೆ ಒಂದು ವಾರ ಸಾಕು. ಸ್ಕೂಲ್ ಒಳಗೆ ಹಾಕೋಕೆ ಚಪ್ಪಲಿ ಬೇರೆ ಬೇಕು, ಅದು ಇಲ್ಲೇ ತಗೊಳಿ.