ಪ್ರತಿಕ್ರಿಯೆ: ಕುಂಬಳೆ ಉಪಜಿಲ್ಲಾ ಐಟಿ ರಸಪ್ರಶ್ನೆ – ಸಂಜಯ್ ಮೆಹ್ರೋತ್ರಾ ಯಾವ ಕಂಪನಿಯವರು?
ರಸಪ್ರಶ್ನೆ ತಯಾರಿಯ ಒಂದು ಹಾಳೆಯಲ್ಲಿ ಸಂಜಯ್ ಮೆಹ್ರೋತ್ರಾ ಸ್ಯಾನ್‌ಡಿಸ್ಕ್ ಸಿಇಒ, ಇನ್ನೊಂದರಲ್ಲಿ ಮೈಕ್ರಾನ್ ಸಿಇಒ ಅಂತ ಇದೆ ಎಂದಿರಿ. ಎರಡೂ ಮೆಮೊರಿ ತಯಾರಿಸುವ ಅಮೆರಿಕದ ಕಂಪನಿಗಳು. ಮೊದಲನೆಯದು ಹಳೆಯ ಹಾಳೆ ಇರಬೇಕು, ತಯಾರಿಸಿದ ವರ್ಷ ನೋಡಿದರೆ ಗೊತ್ತಾಗುತ್ತದೆ. ಮೆಹ್ರೋತ್ರಾ 1988ರಲ್ಲಿ ಎಲಿ ಹರಾರಿ, ಜ್ಯಾಕ್ ಯುವಾನ್ ಜೊತೆ ಸ್ಯಾನ್‌ಡಿಸ್ಕ್ ಕಟ್ಟಿದವರು. 2011ರಿಂದ 2016ರವರೆಗೆ ಅದರ ಸಿಇಒ. 2016ರ ಮೇಯಲ್ಲಿ ಹಾರ್ಡ್ ಡಿಸ್ಕ್ ಕಂಪನಿ ವೆಸ್ಟರ್ನ್ ಡಿಜಿಟಲ್ ಸ್ಯಾನ್‌ಡಿಸ್ಕನ್ನು ಕೊಂಡಿತು, ಮರುವರ್ಷ ಮೇಯಲ್ಲಿ ಇವರು ಮೈಕ್ರಾನ್ ಸಿಇಒ ಆದರು.

ಮಕ್ಕಳು ಎಡವುವುದು ಇದರ ಮುಂದಿನ ಪ್ರಶ್ನೆಯಲ್ಲಿ: ಹಾಗಾದರೆ ಸ್ಯಾನ್‌ಡಿಸ್ಕ್ ಕಥೆ ಏನಾಯಿತು? 2025ರ ಫೆಬ್ರವರಿಯಲ್ಲಿ ಸ್ಯಾನ್‌ಡಿಸ್ಕ್ ಮತ್ತೆ ಬೇರೆ ಕಂಪನಿಯಾಯಿತು. ವೆಸ್ಟರ್ನ್ ಡಿಜಿಟಲ್ ಸಿಇಒ ಆಗಿದ್ದ ಡೇವಿಡ್ ಗೆಕ್ಲರ್ ಸ್ಯಾನ್‌ಡಿಸ್ಕ್‌ಗೆ ಹೋದರು, ಅವರ ಜಾಗಕ್ಕೆ ಇರ್ವಿಂಗ್ ಟ್ಯಾನ್ ಬಂದರು. ಹಾರ್ಡ್ ಡಿಸ್ಕ್ ವ್ಯವಹಾರ ವೆಸ್ಟರ್ನ್ ಡಿಜಿಟಲ್‌ನಲ್ಲೇ ಉಳಿಯಿತು, ಫ್ಲ್ಯಾಶ್ (ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿರುವ ಮೆಮೊರಿ) ಸ್ಯಾನ್‌ಡಿಸ್ಕ್ ಪಾಲಾಯಿತು.

ಸ್ಪರ್ಧೆಯ ಹಿಂದಿನ ದಿನ ಒಮ್ಮೆ ತಾಳೆ ನೋಡಿ. ಮೊದಲು ಕಂಪನಿಯ ಜಾಲತಾಣದ ಲೀಡರ್‌ಶಿಪ್ ಪುಟ. ಆಮೇಲೆ ಅಮೆರಿಕದ ಷೇರು ನಿಯಂತ್ರಕರ ಎಡ್ಗರ್ ತಾಣಕ್ಕೆ ಹೋಗಿ ಷೇರು ಸಂಕೇತ ಹಾಕಿ: ಮೈಕ್ರಾನ್‌ಗೆ ಎಂಯು (MU), ಸ್ಯಾನ್‌ಡಿಸ್ಕ್‌ಗೆ ಎಸ್‌ಎನ್‌ಡಿಕೆ (SNDK), ವೆಸ್ಟರ್ನ್ ಡಿಜಿಟಲ್‌ಗೆ ಡಬ್ಲ್ಯುಡಿಸಿ (WDC). 8-ಕೆ (8-K, ಮುಖ್ಯ ಬದಲಾವಣೆಗಳನ್ನು ಕಂಪನಿ ತಿಳಿಸುವ ವರದಿ) ಪತ್ರಗಳಲ್ಲಿ 5.02 ಎಂಬ ವಿಭಾಗ ಇದ್ದರೆ ಅದನ್ನೇ ತೆರೆಯಿರಿ: ಸಿಇಒ, ನಿರ್ದೇಶಕರ ಬದಲಾವಣೆಯನ್ನು ನಾಲ್ಕು ಕೆಲಸದ ದಿನಗಳೊಳಗೆ ಅಲ್ಲಿ ತಿಳಿಸಲೇಬೇಕು. ಪತ್ರಿಕೆ ತುಣುಕುಗಳಿಗಿಂತ ಇದೇ ನಂಬಿಕಸ್ತ. ಮೆಮೊರಿ ತಯಾರಿಸುವ ಇನ್ನೊಂದು ಕಂಪನಿ ಕಿಂಗ್‌ಸ್ಟನ್ ಮಾತ್ರ ಷೇರುಪೇಟೆಯಲ್ಲಿಲ್ಲದ ಖಾಸಗಿ ಕಂಪನಿ, ಅದನ್ನು ಎಡ್ಗರ್‌ನಲ್ಲಿ ಹುಡುಕಿ ಫಲವಿಲ್ಲ. ಅದರ ಸ್ಥಾಪಕರು ಜಾನ್ ಟು, ಡೇವಿಡ್ ಸನ್; ಸ್ಥಾಪನೆ 1987.

ಪ್ರಶ್ನೆ ಬರೆಯುವಾಗ ‘ಈಗಿನ ಸಿಇಒ’ ಅನ್ನಬೇಡಿ, ‘2017ರಲ್ಲಿ ಮೈಕ್ರಾನ್ ಸಿಇಒ ಆದವರು’ ಎಂದು ಹಾಕಿ.