ಹಳೆಯ ಯುದ್ಧಚಿತ್ರಗಳನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಬಹುದೇ?

ರೋಣ ತಾಲ್ಲೂಕಿನ ನಿಮ್ಮ ಊರಿನಿಂದ ಸೈನ್ಯಕ್ಕೆ ಹೋದವರ ಕುರಿತು ಸ್ಮರಣ ಸಂಚಿಕೆ ತರುತ್ತಿದ್ದೀರಿ. ನಿಮ್ಮ ಮುತ್ತಜ್ಜನವರು 1942ರಲ್ಲಿ ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ಸಮವಸ್ತ್ರ ತೊಟ್ಟು ತೆಗೆಸಿಕೊಂಡ ಫೋಟೊ, ಇಟಲಿಯ ರಣರಂಗದಲ್ಲಿದ್ದ ಮರಾಠಾ ಪಡೆಯ ನಾಲ್ಕು ಚಿತ್ರಗಳು, 1965 ಮತ್ತು 1971ರ ಯುದ್ಧಗಳ ಪತ್ರಿಕಾ ಚಿತ್ರಗಳು ನಿಮ್ಮ ಕೈಯಲ್ಲಿವೆ. ಇಷ್ಟು ಹಳೆಯವಕ್ಕೆ ಇನ್ನೂ ಕಾಪಿರೈಟ್, ಅಂದರೆ ಕೃತಿಸ್ವಾಮ್ಯ, ಇರುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ವಕೀಲನಲ್ಲ. ಗದಗಿನ ಮುದ್ರಣಾಲಯವೊಂದರಲ್ಲಿ ಬಹಳ ವರ್ಷಗಳಿಂದ ಪುಟವಿನ್ಯಾಸ ಮಾಡುತ್ತಿದ್ದೇನೆ. ಇಂಥ ಸಂಚಿಕೆಗಳೇ ನನ್ನ ನಿತ್ಯದ ಕೆಲಸವಾದುದರಿಂದ ಈ ಕಾಯ್ದೆಯನ್ನು ಓದಿಕೊಳ್ಳಬೇಕಾಯಿತು.

ಮೊದಲು ಒಂದು ಮಾತು. ಚಿತ್ರ ಎಷ್ಟು ಹಳೆಯದು ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಯಾರು ತೆಗೆದರು, ಯಾರ ಸಲುವಾಗಿ ತೆಗೆದರು, ಯಾವ ವರ್ಷ ಮೊದಲು ಪ್ರಕಟವಾಯಿತು ಎಂಬ ಮೂರನ್ನೂ ಕೇಳಬೇಕು. ಹಾಗಾಗಿ ನನ್ನ ಮೇಜಿಗೆ ಬಂದ ಪ್ರತಿ ಫೋಟೊವನ್ನು ನಾನು ಮೊದಲು ತಿರುವಿ ಹಾಕಿ ಹಿಂಬದಿ ನೋಡುತ್ತೇನೆ. ಸ್ಟುಡಿಯೊದ ರಬ್ಬರ್ ಮುದ್ರೆ, ಪೆನ್ಸಿಲಿನಲ್ಲಿ ಬರೆದ ತಾರೀಖು, ಆಲ್ಬಮ್ಮಿನ ಗೋಂದು ಹತ್ತಿದ ಕಲೆಯ ಕೆಳಗೆ ಅರ್ಧ ಉಳಿದ ಒಂದು ಸಂಖ್ಯೆ, ಇವೆಲ್ಲ ಅಲ್ಲಿಯೇ ಸಿಗುತ್ತವೆ. ಮೊಬೈಲಿನಲ್ಲಿ ಮುಂಬದಿಯನ್ನಷ್ಟೇ ತೆಗೆದು ಕಳುಹಿಸಿದವರಿಗೆ ಹಿಂಬದಿಯನ್ನೂ ಕಳುಹಿಸಿರೆಂದು ಬೇಡಿಕೊಳ್ಳುತ್ತೇನೆ.

ನಿಮ್ಮ ಮುತ್ತಜ್ಜನವರ ಫೋಟೊದ ವಿಷಯದಲ್ಲಿ ಚಿಂತೆ ಬೇಡ. ಆಗ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗಿದ್ದವು, ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಬ್ರಿಟನ್ನಿನ 1911ರ ಕಾಯ್ದೆಯನ್ನು ಇಲ್ಲಿಗೆ ಅನ್ವಯಿಸಿದ 1914ರ ಕಾಯ್ದೆ ಜಾರಿಯಲ್ಲಿತ್ತು. ಅದರಂತೆ ಹಣ ಕೊಟ್ಟು ಫೋಟೊ ತೆಗೆಸಿಕೊಂಡವರೇ ಹಕ್ಕಿನ ಮೊದಲ ಒಡೆಯರು, ಮತ್ತು ಹಕ್ಕಿನ ಅವಧಿ ಮೂಲ ನೆಗೆಟಿವ್ ಸಿದ್ಧವಾದಂದಿನಿಂದ 50 ವರ್ಷ. ಅಂದರೆ ಆ ಫೋಟೊದ ಹಕ್ಕು ನಿಮ್ಮ ಮನೆಯದೇ ಆಗಿತ್ತು. ಅವಧಿ ಮುಗಿದಿರಲಿ, ಮುಗಿಯದಿರಲಿ, ನೀವು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಸ್ಟುಡಿಯೊದ ಹೆಸರು ಓದಲು ಬರುವಂತಿದ್ದರೆ ಚಿತ್ರದ ಕೆಳಗೆ ಅದನ್ನೂ ಅಚ್ಚು ಹಾಕಿ. ಆ ಕಾಲದ ಛಾಯಾಗ್ರಾಹಕರ ಹೆಸರು ಉಳಿಯುವುದಕ್ಕೆ ನಮ್ಮ ಭಾಗದಲ್ಲಿ ಬೇರೆ ದಾರಿಗಳು ಕಡಿಮೆ.

ಇಟಲಿಯ ಚಿತ್ರಗಳಲ್ಲಿ ಎರಡರ ಅಡಿಬರಹದಲ್ಲಿ 'ಎನ್‌ಎ' ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುವುದಾಗಿ ಬರೆದಿದ್ದೀರಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ ಉತ್ತರ ಆಫ್ರಿಕ ಮತ್ತು ಇಟಲಿಯ ರಣರಂಗಗಳಲ್ಲಿ ಬ್ರಿಟಿಷ್ ಸೈನ್ಯದ ಅಧಿಕೃತ ಛಾಯಾಗ್ರಾಹಕರು ತೆಗೆದ ಚಿತ್ರಗಳಿಗೆ ಆ ಗುರುತು ಇದೆ. ಇಂಥ ಚಿತ್ರಗಳ ಹಕ್ಕು ಬ್ರಿಟನ್ನಿನ ಸರ್ಕಾರದ್ದು, ಅಲ್ಲಿಯ ಮಾತಿನಲ್ಲಿ ಕ್ರೌನ್ ಕಾಪಿರೈಟ್. 1957ರ ಜೂನ್ 1ಕ್ಕಿಂತ ಮೊದಲು ತೆಗೆದ ಸರ್ಕಾರಿ ಚಿತ್ರಗಳಿಗೆ ಆ ಹಕ್ಕು ತೆಗೆದ ವರ್ಷದ ಕೊನೆಯಿಂದ 50 ವರ್ಷ ಮಾತ್ರ ಇರುತ್ತದೆ. 1944ರ ಚಿತ್ರ 1994ರ ಕೊನೆಗೇ ಪಬ್ಲಿಕ್ ಡೊಮೇನಿಗೆ ಸೇರಿತು, ಅಂದರೆ ಯಾರು ಬೇಕಾದರೂ ಬಳಸಬಹುದಾದ ಚಿತ್ರವಾಯಿತು. ಹಾಗಿದ್ದೂ ಮ್ಯೂಸಿಯಂ ದೊಡ್ಡ ಅಳತೆಯ ಪ್ರತಿಗೆ ಹಣ ಕೇಳುತ್ತದೆಯಲ್ಲ ಎಂದರೆ, ಅದು ಪ್ರತಿ ಒದಗಿಸುವ ಶುಲ್ಕ ಮತ್ತು ಆ ಕಡತದ ಬಳಕೆಗೆ ಅವರು ಹಾಕುವ ಕರಾರು. ಕೃತಿಸ್ವಾಮ್ಯ ಬೇರೆ, ಕರಾರು ಬೇರೆ. ಕರಾರಿಗೆ ಒಪ್ಪಿ ಕಡತ ಪಡೆದಿದ್ದರೆ ಅದನ್ನು ಪಾಲಿಸಿರಿ. ಆದರೆ ಹಳೆಯ ಚಿತ್ರವನ್ನು ಇದ್ದಂತೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಹೊಸ ಕೃತಿಸ್ವಾಮ್ಯ ಹುಟ್ಟುವುದಿಲ್ಲವೆಂದೇ ನನ್ನ ತಿಳಿವಳಿಕೆ. ಬರಿಯ ಶ್ರಮ, ಹಣ ಸಾಲದು, ಕಿಂಚಿತ್ತಾದರೂ ಸೃಜನಶೀಲತೆ ಇರಬೇಕೆಂದು ನಮ್ಮ ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಇತ್ತೀಚೆಗೆ ಬಣ್ಣ ಹಚ್ಚಿ ಹರಿಬಿಟ್ಟ ಪ್ರತಿಗಳನ್ನು ಮಾತ್ರ ಮುಟ್ಟಬೇಡಿ. ಬಣ್ಣ ಹಚ್ಚಿದವರಿಗೆ ಅವರದೇ ಹಕ್ಕು ಇರಬಹುದು. ಅದಕ್ಕಿಂತ ಹೆಚ್ಚಾಗಿ, ಆ ಸಮವಸ್ತ್ರದ ನಿಜವಾದ ಬಣ್ಣ ಯಾವುದೆಂದು ನೋಡುವವರಿಗೆ ತಪ್ಪು ತಿಳಿಸಿದಂತಾಗುತ್ತದೆ.

ಜನ ನಿಜವಾಗಿ ಎಡವುವುದು ಸ್ವಾತಂತ್ರ್ಯಾನಂತರದ ಚಿತ್ರಗಳಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ 1958ರ ಜನವರಿ 21ರಂದು ಜಾರಿಗೆ ಬಂತು. ಅದರ 25ನೇ ಕಲಮಿನಂತೆ ಛಾಯಾಚಿತ್ರಗಳ ಹಕ್ಕು ಪ್ರಕಟವಾದ ಮರುವರ್ಷದಿಂದ ಎಣಿಸಿ ಮೊದಲು 50, ಆಮೇಲೆ 60 ವರ್ಷ ಇರುತ್ತಿತ್ತು. 2012ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಆ ವರ್ಷದ ಜೂನ್ 21ರಿಂದ ಛಾಯಾಚಿತ್ರಕ್ಕೂ ಕಥೆ, ಕವಿತೆಗಳಿಗೆ ಇರುವಂತೆಯೇ ಕರ್ತೃವಿನ ಜೀವಿತಕಾಲ ಮತ್ತು ಆಮೇಲಿನ 60 ವರ್ಷಗಳ ಅವಧಿ ಬಂತು. 1951ರೊಳಗೆ ಪ್ರಕಟವಾಗಿದ್ದ ಚಿತ್ರ ಅಷ್ಟರಲ್ಲಿ ಮುಕ್ತವಾಗಿತ್ತು. 1965ರಲ್ಲಿ ಪತ್ರಿಕೆಯ ಛಾಯಾಗ್ರಾಹಕರು ತೆಗೆದು ಪ್ರಕಟಿಸಿದ ಚಿತ್ರದ ಹಕ್ಕು 2012ರಲ್ಲಿ ಇನ್ನೂ ಜೀವಂತವಾಗಿದ್ದುದರಿಂದ ಅದಕ್ಕೆ ಹೊಸ ಅವಧಿಯೇ ಅನ್ವಯಿಸುತ್ತದೆ. ಛಾಯಾಗ್ರಾಹಕರು ಬಹಳ ವರ್ಷ ಬದುಕಿದ್ದವರಾದರೆ ಆ ಹಕ್ಕು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು. ಸರ್ಕಾರವೇ ತೆಗೆಸಿದ ಚಿತ್ರಗಳಿಗೆ 28ನೇ ಕಲಮಿನಂತೆ ಪ್ರಕಟಣೆಯಿಂದ 60 ವರ್ಷ: 1965ರಲ್ಲಿ ಪ್ರಕಟವಾದವಕ್ಕೆ 2025ರ ಕೊನೆಯವರೆಗೆ, 1971ರಲ್ಲಿ ಪ್ರಕಟವಾದವಕ್ಕೆ 2031ರ ಕೊನೆಯವರೆಗೆ. ಒಂದೇ ದಿನ ಒಂದೇ ಗಡಿಠಾಣೆಯಲ್ಲಿ ತೆಗೆದ ಎರಡು ಚಿತ್ರಗಳಿಗೆ ಎರಡು ಅವಧಿ ಇರುವುದು ಹೀಗೆ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಒಮ್ಮೆ ಅಭಿನಂದನ ಗ್ರಂಥವೊಂದಕ್ಕೆ 1971ರ ಚಿತ್ರವೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಸರ್ಕಾರದ್ದೇ ಇರಬೇಕೆಂದು ನಂಬಿ ಹಾಕಿದೆ. ಬೈಂಡಿಂಗ್ ಮುಗಿಯುವ ಹೊತ್ತಿಗೆ ಅದು ಸುದ್ದಿಸಂಸ್ಥೆಯೊಂದರ ಚಿತ್ರವೆಂದು ತಿಳಿಯಿತು. ಹೊಲಿಗೆ ಬಿಚ್ಚಿ, ಆ ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಪೂರ್ತಿ ಮತ್ತೆ ಅಚ್ಚು ಹಾಕಬೇಕಾಯಿತು. ಬಿಡುಗಡೆಯ ದಿನ ಬೆಳಗಿನ ಜಾವದವರೆಗೂ ಬೈಂಡರರು ಕುಳಿತು ಕೆಲಸ ಮಾಡಿದರು.

ಆದ್ದರಿಂದ 1965, 1971ರ ತುಣುಕುಗಳ ಬಗ್ಗೆ ಆಯಾ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಿರಿ. ಪತ್ರಿಕೆಯ ದಿನಾಂಕ, ಪುಟ, ನೀವು ಮುದ್ರಿಸುವ ಪ್ರತಿಗಳ ಸಂಖ್ಯೆ, ಸಂಚಿಕೆಗೆ ಬೆಲೆ ಇದೆಯೋ ಇಲ್ಲವೋ ಎಂಬುದನ್ನು ಅದರಲ್ಲಿ ಕಾಣಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿಯೇ ಪಡೆಯಿರಿ. ಸಂಶೋಧನೆ, ವಿಮರ್ಶೆಗೆ ನ್ಯಾಯೋಚಿತ ಬಳಕೆಯ ಅವಕಾಶ 52ನೇ ಕಲಮಿನಲ್ಲಿ ಇದೆ ನಿಜ, ಆದರೆ ಮುಖಪುಟ ಅಲಂಕರಿಸಲು ಅದನ್ನು ಆಸರೆ ಮಾಡಿಕೊಳ್ಳಬೇಡಿ. ಇಟಲಿಯ ಉಳಿದೆರಡು ಚಿತ್ರಗಳಿಗೆ ಯಾವ ಗುರುತೂ ಇಲ್ಲವೆಂದಿದ್ದೀರಿ. ಅವುಗಳ ಮೂಲ ಸಿಗುವವರೆಗೆ ಪುಟದಲ್ಲಿ ಜಾಗ ಬಿಡದೆ, ನಿಮ್ಮ ಮುತ್ತಜ್ಜನವರ ಫೋಟೊವನ್ನೇ ಪೂರ್ಣ ಪುಟಕ್ಕೆ ಹಾಕಿರಿ. 600 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳ ಸೂಕ್ಷ್ಮತೆಯಲ್ಲಿ, ಸ್ಕ್ಯಾನ್ ಮಾಡಿಸಿದರೆ ಭುಜದ ಪಟ್ಟಿಯ ಮೇಲಿನ ಅಕ್ಷರಗಳೂ ಓದಲು ಬಂದಾವು.