‘ಮೋರ್ ಸ್ಪೆಷಲ್ಸ್’ ನಿಜಕ್ಕೂ ಸೋತ ಆಲ್ಬಮ್ಮಾ?

ಪ್ರಶ್ನೆ: ದಿ ಸ್ಪೆಷಲ್ಸ್ ಬ್ಯಾಂಡಿನ ಮೊದಲ ಆಲ್ಬಮ್ ಕೇಳಿ ಹುಚ್ಚು ಹಿಡಿದಿತ್ತು. ಎರಡನೆಯದು, ‘ಮೋರ್ ಸ್ಪೆಷಲ್ಸ್’, ಹಾಕಿದರೆ ಬೇರೆ ಯಾರದ್ದೋ ಅನ್ನಿಸ್ತು. ಆಗ ಇದನ್ನು ಕಂಡು ಗೊಂದಲಪಟ್ಟ ವಿಮರ್ಶಕರು ಈಗ ಹೊಗಳ್ತಾರಂತೆ. ಯಾರನ್ನು ನಂಬಲಿ?

ಉತ್ತರ: ಈಗಿನವರನ್ನೇ ನಂಬಿ. ಆದರೆ ಆಗಿನವರ ಗೊಂದಲವೂ ಸಹಜವೇ. ಇಂಗ್ಲೆಂಡಿನ ಕವೆಂಟ್ರಿಯ ಈ ಹುಡುಗರು 1979ರಲ್ಲಿ, ಗಾಯಕ ಎಲ್ವಿಸ್ ಕಾಸ್ಟೆಲೊ ನಿರ್ಮಾಣದಲ್ಲಿ, ಜಮೈಕಾದ ಹಳೇ ಕುಣಿತದ ಸಂಗೀತವಾದ ಸ್ಕಾ ಲಯಕ್ಕೆ ಪಂಕ್ ರಾಕ್‌ನ ಸಿಟ್ಟು ಬೆರೆಸಿ ಕುಣಿಸಿಬಿಟ್ಟಿದ್ದರು. ಮರುವರ್ಷವೂ ಅದೇ ಬೇಕು ಅಂತ ಎಲ್ಲರೂ ಕಾದಿದ್ದರು. ಕೀಬೋರ್ಡ್ ನುಡಿಸುತ್ತಿದ್ದ ಜೆರ್ರಿ ಡ್ಯಾಮರ್ಸ್ ಕೊಟ್ಟಿದ್ದು ಹೋಟೆಲ್ ಲಿಫ್ಟಿನಲ್ಲಿ ಸುಮ್ನೆ ಕೇಳಿಸುವಂಥ ಮೆತ್ತನೆಯ ಆರ್ಗನ್ ಸಂಗೀತ! ಅದೂ ಪೂರ್ತಿ ಅಲ್ಲ. ರೆಕಾರ್ಡಿನ ಮೊದಲ ಬದಿಯಲ್ಲಿ ಕುಣಿತ ಇನ್ನೂ ಇದೆ, ಎರಡನೇ ಬದಿಗೆ ಬಂದರೆ ‘ಸ್ಟೀರಿಯೊಟೈಪ್ಸ್’, ‘ಇಂಟರ್‌ನ್ಯಾಷನಲ್ ಜೆಟ್ ಸೆಟ್’ ಅಂತ ಹಾಡುಗಳು ನಿಧಾನವಾಗಿ ತೇಲುತ್ತಾ ಹೋಗುತ್ತವೆ, ಗಾಯಕ ಟೆರ್ರಿ ಹಾಲ್ ದನಿಯಲ್ಲಿ ಮಾತ್ರ ಒಂದು ದಿಗಿಲು ಉಳಿದೇ ಇರುತ್ತದೆ.

ಇದು ಬೇಕಂತಲೇ ಮಾಡಿದ್ದು ಅನ್ನೋದಕ್ಕೆ ‘ಎಂಜಾಯ್ ಯುವರ್‌ಸೆಲ್ಫ್’ ಒಂದೇ ಸಾಕು. ಆಲ್ಬಮ್ ಶುರುವಾಗೋದೂ ಅದರಿಂದಲೇ, ಮುಗಿಯೋದೂ ಅದರಿಂದಲೇ. ಮೊದಲ ಸಲ ಅದು ಜೋರು, ಪಾರ್ಟಿ ಹಾಡು. ಕೊನೆಯಲ್ಲಿ ಅದೇ ಮಾತು ಎಳೆದೆಳೆದು ಬರುತ್ತದೆ. ಹಿನ್ನೆಲೆಯಲ್ಲಿ ಅಮೆರಿಕದ ಬ್ಯಾಂಡ್ ದಿ ಗೋ-ಗೋಸ್ ಹುಡುಗಿಯರು ಹಾಡಿದ್ದಾರೆ. ಕಾಲ ಮೀರುತ್ತಿದೆ, ಈಗಲೇ ಮಜಾ ಮಾಡಿ ಅನ್ನುವ ಹಾಡು ಅದು. ನಡುವೆ ಅಣುಯುದ್ಧದ ಭಯದ ‘ಮ್ಯಾನ್ ಅಟ್ ಸಿ ಅಂಡ್ ಎ’ ಕೇಳಿಬಂದ ಮೇಲೆ ಆ ಮಜಾ ಎಷ್ಟು ಕಹಿ ಅನ್ನಿಸುತ್ತದೆ ನೋಡಿ. ಕುಣಿಯೋಕೆ ಆಗುತ್ತಾ ಇಲ್ಲವಾ ಅಂತ ಮಾತ್ರ ನೋಡಿದವರಿಗೆ ಇದು ಕಾಣಲಿಲ್ಲ.

ಅಂದಹಾಗೆ, ಜನ ಕೈಬಿಟ್ಟಿರಲಿಲ್ಲ. ಆಲ್ಬಮ್ ಬ್ರಿಟನ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತ್ತು, ಮೊದಲನೆಯದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ.

ಪ್ರಶ್ನೆ: ಹಾಗಿದ್ದರೆ ಬ್ಯಾಂಡ್ ಯಾಕೆ ಒಡೆಯಿತು?

ಉತ್ತರ: ಒಳಜಗಳ, ಸುತ್ತಾಟದ ಸುಸ್ತು. ಡ್ಯಾಮರ್ಸ್ ಹಿಡಿದ ದಾರಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ, ಗಿಟಾರಿನ ರಾಡಿ ರೇಡಿಯೇಶನ್‌ಗಂತೂ ಜಾಸ್ತಿಯೇ ಬೇಸರ. ಆದರೆ ಅದೇ ದಾರಿಯಲ್ಲಿ 1981ರಲ್ಲಿ ‘ಘೋಸ್ಟ್ ಟೌನ್’ ಹಾಡು ಬಂತು, ಬ್ರಿಟನ್ನಿನಲ್ಲಿ ನಂಬರ್ 1 ಆಯ್ತು. ಆಮೇಲೆ ಹಾಲ್, ನೆವಿಲ್ ಸ್ಟೇಪಲ್, ಲಿನ್‌ವಾಲ್ ಗೋಲ್ಡಿಂಗ್ ಮೂವರೂ ಹೊರನಡೆದು ಫನ್ ಬಾಯ್ ತ್ರೀ ಅನ್ನೋ ಬೇರೆ ಬ್ಯಾಂಡ್ ಕಟ್ಟಿದರು. ನೀವು ‘ಮೋರ್ ಸ್ಪೆಷಲ್ಸ್’ ಎರಡನೇ ಬದಿ ಮುಗಿದ ಕೂಡಲೇ ‘ಘೋಸ್ಟ್ ಟೌನ್’ ಹಾಕಿ, ಆ ಆರ್ಗನ್ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.